ಮನೆಪಾಠ ಇಂಗ್ಲಿಷು, ಬಿಡಿಸೋದು ಮನೆಮಾತು

ಸಂಜೆ ಹೊಲದಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಮೊಮ್ಮಗಳು ಇಂಗ್ಲಿಷ್ ನೋಟ್‌ಬುಕ್ ಹಿಡಿದು ನಿಂತಿರ್ತಾಳೆ. "ತಾತ, ಈ 'ಇನ್' ಎಲ್ಲಿ ಹಾಕೋದು?" ನಂದು ಬರೀ ಎಸ್ಸೆಸ್ಸೆಲ್ಸಿ. ಆದರೂ ಹೇಳಿದೆ: ಕನ್ನಡದಲ್ಲಿ 'ಮನೆಯಲ್ಲಿ', ತೆಲುಗಲ್ಲಿ 'ಇಂಟ್ಲೋ', ತಮಿಳಲ್ಲಿ 'ವೀಟ್ಟಿಲ್'. ಮೂರರಲ್ಲೂ ಪ್ರತ್ಯಯ ಪದದ ಕೊನೆಗೆ. ಇಂಗ್ಲಿಷಿನ 'ಇನ್' ಮಾತ್ರ ಪದಕ್ಕೆ ಮೊದಲೇ. ಹುಡುಗಿಗೆ ತಟ್ಟನೆ ತಲೆಗೆ ಹತ್ತಿತು.

1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ನಮ್ಮ ಹೊಸೂರು ಸೇರಿದ ಕೃಷ್ಣಗಿರಿ. ಜಿಲ್ಲೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ತಮಿಳುನಾಡಿನಲ್ಲಿ 1968ರಿಂದ ದ್ವಿಭಾಷಾ ಸೂತ್ರ: ತಮಿಳು, ಇಂಗ್ಲಿಷ್. 2006ರ ಕಾಯ್ದೆ ಒಂದನೇ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲಂತೆ ತಮಿಳನ್ನು ಕಡ್ಡಾಯ ಮಾಡಿತು. ತಮಿಳು ಬೇಡ ಅನ್ನೋನಲ್ಲ ನಾನು. ಸಂತೆಯಲ್ಲಿ ಟೊಮೇಟೊ ಮಾರೋಕೆ ಅದು ಬೇಕೇ ಬೇಕು. ಆದರೆ ಮನೆಯಲ್ಲಿ ಕನ್ನಡವೋ ತೆಲುಗೋ ಆಡುವ ಮಗುವಿಗೆ ಎರಡೂ ಹೊಸ ನುಡಿ. ಇಂಗ್ಲಿಷಿನ ಪ್ರಶ್ನೆಯನ್ನು ತಮಿಳಲ್ಲಿ ಬಿಡಿಸಿ ಹೇಳಿದರೆ ಅದು ಸೋಲೋದು ಪ್ರಶ್ನೆ ಓದೋವಾಗಲೇ.

ಟ್ಯೂಷನ್ನಿಗೆ ದುಡ್ಡಿರೋರು ಕೊಡಲಿ. ಉಳಿದ ರೈತರು, ಅಂಗಡಿಯವರು ವಾರಕ್ಕೆರಡು ಸಂಜೆ ಮಕ್ಕಳ ಜತೆ ಕೂರಬಹುದಲ್ಲ? ಉತ್ತರ ಬರೆದುಕೊಡಬೇಡಿ. ಪ್ರಶ್ನೆಯನ್ನು ಮನೆಮಾತಿಗೆ ತಿರುಗಿಸಿಕೊಡಿ, ಸಾಕು. ಉತ್ತರ ಮಗುವೇ ಹುಡುಕುತ್ತೆ.