ಗುಂಡುಕಲ್ಲೂ ಗುರುತ್ವವೂ

ಭೂಮಿಯು ಭಾರವುಳ್ಳ ವಸ್ತುಗಳನ್ನು ತನ್ನತ್ತ ಸೆಳೆಯುತ್ತದೆಂದು ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿಯೇ ಹೇಳಿದ್ದಾರೆ. ಈ ಸೆಳೆತದ ಮಾತು ನಮಗೆಲ್ಲ ಬಾಯಿಪಾಠವಾಗಿದೆ. ಆದರೆ ‘ವೇಗೋತ್ಕರ್ಷವೆಷ್ಟು?’ ಎಂದು ಕೇಳಿದೊಡನೆ, ವಸ್ತು ಬೀಳುತ್ತಿರಲಿ, ಏರುತ್ತಿರಲಿ, ಸುಮ್ಮನಿರಲಿ, 9.8 ಎಂದು ಬರೆದುಬಿಡುವ ರೂಢಿ ನಮ್ಮಲ್ಲಿದೆ. ಇದು ತಿಳಿವಳಿಕೆಯಲ್ಲ, ಬರಿಯ ಕಂಠಪಾಠ ಎಂಬುದು ನನ್ನ ಅಭಿಪ್ರಾಯ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಜಟ್ಟಿಗಳು ಭಾರ ಎತ್ತುವುದನ್ನು ನಾವೆಲ್ಲ ಬಲ್ಲೆವು. 100 ಕಿಲೋಗ್ರಾಮಿನ ಗುಂಡುಕಲ್ಲೊಂದನ್ನು ಊಹಿಸಿಕೊಳ್ಳಿರಿ. ಭೂಮಿ ಅದನ್ನು 980 ನ್ಯೂಟನ್ ಬಲದಿಂದ ಕೆಳಗೆಳೆಯುತ್ತದೆ. ಕಲ್ಲು ನೆಲದ ಮೇಲಿರುವಾಗ ನೆಲವೂ ಅಷ್ಟೇ ಬಲದಿಂದ ಮೇಲಕ್ಕೊತ್ತುತ್ತದೆ. ನಿವ್ವಳ ಬಲ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ. ಜಟ್ಟಿಯು 1080 ನ್ಯೂಟನ್ ಬಲ ಹಾಕಿ ಎತ್ತಿದರೆ ಮೇಲ್ಮುಖವಾಗಿ ಉಳಿಯುವುದು 100. ಅದನ್ನು ಕಲ್ಲಿನ 100 ಕಿಲೋಗ್ರಾಮಿನಿಂದ ಭಾಗಿಸಿದರೆ, ವೇಗವು ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ 1 ಮೀಟರಿನಷ್ಟು ಹೆಚ್ಚುತ್ತದೆ. ಹೆಗಲ ಮೇಲೆ ಅಲುಗದಂತೆ ಹಿಡಿದಾಗ ವೇಗೋತ್ಕರ್ಷ ಮತ್ತೆ ಸೊನ್ನೆ. ಹಾಗೆಂದು ಗುರುತ್ವ ಮಾಯವಾಯಿತೇ? ಜಟ್ಟಿಯ ಬೆವರನ್ನೇ ನೋಡಿರಿ! ಕಲ್ಲನ್ನು ಕೈಬಿಟ್ಟ ಮೇಲೆ, ತಡೆಯುವ ಬಲವಿಲ್ಲದಾಗ ಮಾತ್ರ, ಆ 9.8 ಪೂರ್ತಿಯಾಗಿ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಮಿತ್ರರೇ, ಸೂತ್ರಕ್ಕೆ ಕೈಹಾಕುವ ಮುನ್ನ ವಸ್ತುವಿನ ಚಿತ್ರ ಬರೆದು, ಅದರ ಮೇಲಿನ ಬಲಗಳನ್ನೆಲ್ಲ ಬಾಣಗಳಿಂದ ಗುರುತಿಸೋಣ. ಆ ಚಿತ್ರಕ್ಕೂ ಅಂಕವಿರಲೆಂದು ಗುರುಗಳಲ್ಲಿ ನನ್ನ ವಿನಂತಿ. ಕಲಾಶಾಖೆಯ ನಮಗಿದೇಕೆಂದು ಯಾರೂ ಹಿಂಜರಿಯಬೇಕಾಗಿಲ್ಲ. ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಸಾಮಾನ್ಯ ವಿಜ್ಞಾನ ನಮಗೂ ಎದುರಾಗುತ್ತದೆ. ಕೂಡುವುದು, ಕಳೆಯುವುದು ಬಲ್ಲವರಿಗೆ ಈ ಲೆಕ್ಕ ಅಂಜುವಂಥದಲ್ಲ.