ಗುಟ್ಟು ಬೇರೆ, ಲೆಕ್ಕ ಬೇರೆ

1968ರಲ್ಲಿ ಎರಡು ಬೇಹುಗಾರಿಕೆಗಳು ಹುಟ್ಟಿದವು. ಬೆಳ್ಳಿತೆರೆಯ ಮೇಲೆ ‘ಜೇಡರ ಬಲೆ’ಯ ಸಿ.ಐ.ಡಿ. 999, ದೆಹಲಿಯಲ್ಲಿ, ಸೆಪ್ಟೆಂಬರ್ 21ರಂದು, ವಿದೇಶಗಳ ಸುದ್ದಿ ಸಂಗ್ರಹಕ್ಕೆಂದು ‘ರಾ’. ರಾಜಕುಮಾರರ ಗೂಢಚಾರನಿಗೆ ನಾವು ಕನ್ನಡಿಗರು ಇಂದಿಗೂ ಚಪ್ಪಾಳೆ ತಟ್ಟುತ್ತೇವೆ. ಅವನು ಯಾವ ಕಾನೂನಿಗೆ ಬದ್ಧನೆಂದು ಕೇಳುವುದಿಲ್ಲ. ಸಿನಿಮಾಕ್ಕೆ ಆ ಪ್ರಶ್ನೆ ಬೇಡ. ದೇಶಕ್ಕೂ ಬೇಡವೇ?

ಅಮೆರಿಕದ ಸಿ.ಐ.ಎ.ಗೆ 1947ರ ಕಾಯಿದೆಯಿದೆ. ತನ್ನ ಬೇಹುಸಂಸ್ಥೆ ಇದೆಯೆಂದೇ ದಶಕಗಟ್ಟಲೆ ಒಪ್ಪದಿದ್ದ ಬ್ರಿಟನ್ ಸಹ 1994ರಲ್ಲಿ ಅದಕ್ಕೊಂದು ಕಾಯಿದೆ ಮಾಡಿತು. ನಮ್ಮ ‘ರಾ’ ಮಾತ್ರ ಹುಟ್ಟಿದ್ದೂ ನಡೆದಿದ್ದೂ ಬರಿಯ ಸರಕಾರಿ ಆದೇಶದ ಮೇಲೆ. 2011ರಲ್ಲಿ ಮನೀಶ್ ತಿವಾರಿಯವರು ಲೋಕಸಭೆಯಲ್ಲಿ ತಂದ ಖಾಸಗಿ ಮಸೂದೆ ಕಾಯಿದೆಯಾಗಲಿಲ್ಲ.

ಗುಟ್ಟು ಬಯಲಾದೀತು ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಗುಟ್ಟು ಬೇರೆ, ಲೆಕ್ಕ ಬೇರೆ. ಬೇಹುಗಾರನ ಹೆಸರು ನಮಗೆ ಬೇಡ. ಅವನ ಅಧಿಕಾರದ ಮೇರೆಯನ್ನು ಸಂಸತ್ತು ಬರೆದಿಡಲಿ. ಇದರಲ್ಲಿ ಅವನ ಹಿತವೂ ಇದೆ. ಮೇಲಿನಿಂದ ತಪ್ಪು ಆದೇಶ ಬಂದ ದಿನ ‘ಇದು ಆಗದು ಸ್ವಾಮಿ’ ಎನ್ನಲು ಅವನ ಕೈಯಲ್ಲೊಂದು ಕಲಮು ಬೇಡವೇ?

ಒಂದು ದಿನದ ಸಾಂದರ್ಭಿಕ ರಜೆಗೂ ನಿಯಮ ನೋಡುವ ಗುಮಾಸ್ತರು ನಾವು. ಇಷ್ಟು ಕೇಳಿದರೆ ಅಧಿಕಪ್ರಸಂಗವಾದೀತೆ?