ಮದುವೆಯ ಹಂದರವೂ ಸಾಲದ ಹೊರೆಯೂ

ಪುನರುತ್ಥಾನದ ಹಬ್ಬ ಕಳೆಯುತ್ತಲೇ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಮದುವೆಗಳ ಸುಗ್ಗಿ ಆರಂಭವಾಗುತ್ತದೆ. ಲಗ್ನಪತ್ರಿಕೆ ಹಿಡಿದು ಗುರುಮನೆಗೆ ಬರುವ ಕುಟುಂಬಗಳನ್ನು ನಾವು ಹರ್ಷದಿಂದ ಬರಮಾಡಿಕೊಳ್ಳುತ್ತೇವೆ. ಆದರೆ ಈಚೆಗೆ ಬಂದ ತಂದೆಯೊಬ್ಬರ ಕೈಯಲ್ಲಿ ಪತ್ರಿಕೆ ಇರಲಿಲ್ಲ. ಮಗಳ ಮದುವೆಯನ್ನು ಮುಂದಿನ ವರ್ಷಕ್ಕೆ ಮುಂದೂಡಬೇಕೆಂದು ಅವರು ಕೇಳಿಕೊಂಡರು. ವಧೂವರರ ಸಮ್ಮತಿಯಿದೆ, ವಿವಾಹಪೂರ್ವ ತರಬೇತಿ ಮುಗಿದಿದೆ, ಊಟಕ್ಕೆ ಬೇಕಾದ ದವಸವೂ ಕೂಡಿದೆ. ಒದಗದೇ ಹೋದದ್ದು ವೇದಿಕೆಯ ಅಲಂಕಾರದ ಹಣ. "ಫಾದರ್, ಬರೇ ಹಂದರ ಹಾಕಿ ಲಗ್ನ ಮಾಡಿದ್ರ ಮಂದಿ ಏನಂತಾರ್ರಿ?" ಎಂದು ಅವರು ತಲೆ ತಗ್ಗಿಸಿದರು. ಅವರು ಕಲ್ಲಿನ ಗಣಿಯಲ್ಲಿ ದುಡಿಯುವವರು.

ಆ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಏಕೆಂದರೆ ಆ 'ಮಂದಿ'ಯಲ್ಲಿ ನಾವೂ ಒಬ್ಬರು. ಸಿರಿವಂತ ಮನೆಯೊಂದರ ಮದುವೆಯಲ್ಲಿ ಹೂವಿನ ಸಿಂಗಾರವನ್ನು ಎಲ್ಲರೆದುರು ಹೊಗಳಿದ್ದು ನಮಗೆ ನೆನಪಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಬಡ ತಂದೆಯ ಎದೆಗೆ ಆ ಹೊಗಳಿಕೆ ಹೇಗೆ ತಟ್ಟೀತೆಂದು ನಾವು ಅಂದು ಆಲೋಚಿಸಲಿಲ್ಲ. ಆ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಮದುವೆಗೆ ಖರ್ಚು ಮಾಡುವುದೇ ಪಾಪವೆಂದು ನಾವು ಹೇಳುವುದಿಲ್ಲ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ, ಉದಾರವಾಗಿ ವೆಚ್ಚ ಮಾಡಲು ತಕ್ಕ ಸಂದರ್ಭಗಳಲ್ಲಿ ಮದುವೆಯನ್ನೂ ಎಣಿಸಿದ್ದಾನೆ. ಆದರೆ ಶಕ್ತಿಮೀರಿ ವೆಚ್ಚ ಮಾಡಹೊರಟ ಬಡವನನ್ನು ಅವಿವೇಕಿಯೆಂದೂ, ಸಂಪತ್ತು ತೋರಿಸಲೆಂದೇ ವ್ಯಯಿಸುವವನನ್ನು ಅಭಿರುಚಿಗೆಟ್ಟವನೆಂದೂ ಅವನು ಕಂಡನು. ಸಂತ ತೋಮಾಸ್ ಅಕ್ವಿನಾಸರು ಸೌಂದರ್ಯಕ್ಕೆ ಮೂರು ಲಕ್ಷಣಗಳನ್ನು ಹೇಳಿದರು: ಸಮಗ್ರತೆ, ಹೊಂದಾಣಿಕೆ, ಕಾಂತಿ. ಬೆಲೆ ಎಂಬುದು ಆ ಪಟ್ಟಿಯಲ್ಲಿಲ್ಲ.

ಧರ್ಮಸಭೆಯ ಬೋಧನೆಯೂ ಇದೇ ದಾರಿಯದು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪವಿತ್ರ ಕಲೆಯ ವಿಷಯದಲ್ಲಿ ಆಡಂಬರಕ್ಕಿಂತ ಘನವಾದ ಚೆಲುವನ್ನೇ ಬಯಸಿತು. ಬಲಿಪೀಠದ ಅಲಂಕಾರ ಮಿತವಾಗಿರಬೇಕು, ಹೂಗಳನ್ನು ಪೀಠದ ಮೇಲಿಡುವ ಬದಲು ಸುತ್ತಲೂ ಇಡಬೇಕು ಎಂಬುದು ಪೂಜಾವಿಧಿಯ ನಿಯಮ. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬ ಪ್ರೀತಿಯನ್ನು ಕುರಿತು ಬರೆದಾಗ, ಆಮಂತ್ರಣ, ಉಡುಪು, ಔತಣಗಳ ಗಡಿಬಿಡಿಯಲ್ಲಿ ಹಣದೊಂದಿಗೆ ಆನಂದವೂ ಬತ್ತಿಹೋಗುವುದನ್ನು ಎತ್ತಿ ತೋರಿಸಿದರು. ಸರಳವಾಗಿ ಮದುವೆಯಾಗುವ ಧೈರ್ಯ ತೋರುವಂತೆ ಯುವಜನರನ್ನು ಹುರಿದುಂಬಿಸಿದರು.

ಇನ್ನು ನಮ್ಮ ನೆಲದತ್ತ ನೋಡೋಣ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ದೂರದಿಂದ ತರಿಸಿದ ಹೂ ಬಲಿಪೂಜೆ ಮುಗಿಯುವಷ್ಟರಲ್ಲೇ ಬಾಡುತ್ತದೆ. ಅಲಂಕಾರದ ಥರ್ಮೋಕೋಲ್ ಅನ್ನು 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೇ ನಿಷೇಧಿಸಿದೆ. ಆದರೆ ಹಿಂಗಾರಿ ಜೋಳದ ಕೊಯ್ಲು ಮುಗಿದು ಮನೆಮನೆಯ ಹಿತ್ತಲಲ್ಲಿ ಕಣಿಕೆ ಇರುವುದೂ ಈ ಕಾಲದಲ್ಲೇ. ತೊಗರಿಯ ಕಣಜವೆನಿಸಿದ ಈ ಜಿಲ್ಲೆಯಲ್ಲಿ ತೊಗರಿ ಕಟ್ಟಿಗೆಗೆ ಕೊರತೆಯಿಲ್ಲ. ಆ ಕಟ್ಟಿಗೆಯ ತಡಿಕೆ ಹೆಣೆದು, ಅಂಚಿಗೆ ಜೋಳದ ತೆನೆ ಬಿಗಿದು, ಮಾವು ಬೇವಿನ ತೋರಣ ಕಟ್ಟಿದರೆ ವೇದಿಕೆಯ ಹಿಂಬದಿ ಸಿದ್ಧವಾಗುತ್ತದೆ. ಅಜ್ಜಿಯರು ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ವಧೂವರರ ಹಿಂದೆ ತೂಗಬಿಟ್ಟರೆ, ಮನೆತನದ ಮೂರು ತಲೆಮಾರಿನ ನೆನಪೇ ಅಲ್ಲಿ ನಿಂತಂತಾಗುತ್ತದೆ. ಗಾಳಿಪಟದ ಕಾಗದವನ್ನು ಮುಕ್ಕೋನಾಗಿ ಕತ್ತರಿಸಿ, ಮೈದಾ ಕುದಿಸಿದ ಅಂಟಿನಿಂದ ಹುರಿಗೆ ಅಂಟಿಸಿದರೆ ಮಕ್ಕಳೇ ಒಂದು ಸಂಜೆಯಲ್ಲಿ ಅಂಗಳದ ತುಂಬ ಪತಾಕೆ ಕಟ್ಟಬಲ್ಲರು. ಚಿಂಚೋಳಿಯ ತಾಂಡಾಗಳ ತಾಯಂದಿರ ಕನ್ನಡಿ ಕಸೂತಿ ಬೇಕಿದ್ದರೆ ಕೊಳ್ಳಿರಿ; ಆದರೆ ಅವರ ಶ್ರಮಕ್ಕೆ ತಕ್ಕ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಡಿರಿ. ಒಣಗಿದ ಕಣಿಕೆಯ ಹತ್ತಿರ ಮೇಣದ ಬತ್ತಿಯನ್ನಾಗಲಿ ಬಿಸಿಯೇರುವ ದೀಪವನ್ನಾಗಲಿ ಇಡಬೇಡಿರಿ. ಮದುವೆ ಮುಗಿದ ಮೇಲೆ ಕಣಿಕೆ ದನಗಳಿಗೆ, ಕಟ್ಟಿಗೆ ಒಲೆಗೆ, ಕೌದಿ ಹೊಸ ಸಂಸಾರಕ್ಕೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಪಟ್ಟಣಗಳಲ್ಲಿ ಈಗ ಹಳ್ಳಿಯ ಸೊಗಡನ್ನೂ ದುಬಾರಿ ಬೆಲೆಗೆ ಮಾರುತ್ತಾರೆ. ಹಣ ತೆತ್ತು ಬಡತನದ ವೇಷ ಹಾಕುವುದು ಆಡಂಬರದ ಇನ್ನೊಂದು ಮುಖವಷ್ಟೆ. ಎರಡನೆಯದಾಗಿ, ಕೈಕೆಲಸವೆಂದೊಡನೆ ಅದು ಹೆಂಗಸರ ಪಾಲೆಂದು ಗಂಡಸರು ಕಟ್ಟೆಯ ಮೇಲೆ ಕುಳಿತರೆ, ಸಾಲದ ಹೊರೆಯನ್ನು ತಾಯಂದಿರ ಹೆಗಲಿಗೆ ವರ್ಗಾಯಿಸಿದಂತೆಯೇ ಸರಿ. ಹಂದರಕ್ಕೆ ಎಲ್ಲರ ಕೈಯೂ ಸೇರಬೇಕು.

ಕಾನಾ ಊರಿನ ಮದುವೆಯನ್ನು ಸ್ಮರಿಸಿರಿ. ಅಲ್ಲಿಯ ಅಲಂಕಾರ ಹೇಗಿತ್ತೆಂದು ಸಂತ ಯೊವಾನ್ನರು ಒಂದು ಮಾತನ್ನೂ ಬರೆದಿಲ್ಲ. ಅವರು ಬರೆದಿರುವುದು ಆರು ಕಲ್ಲಿನ ಬಾನೆಗಳನ್ನೂ, ಅವುಗಳನ್ನು ಕಂಠದವರೆಗೆ ತುಂಬಿದ ಸೇವಕರನ್ನೂ ಕುರಿತು. ಆ ಮನೆಯ ಕೊರತೆಯನ್ನು ಮೊದಲು ಗಮನಿಸಿದವರು ಮಾತೆ ಮರಿಯಮ್ಮನವರು. ಅವರು ಅದನ್ನು ಅತಿಥಿಗಳ ಮುಂದೆ ಆಡಿಕೊಳ್ಳದೆ ಮಗನ ಕಿವಿಗೆ ಹಾಕಿದರು. ಯೇಸುಸ್ವಾಮಿಯೂ ಸೇವಕರ ಕೈಗಳು ಹೊತ್ತು ತಂದ ನೀರನ್ನೇ ದ್ರಾಕ್ಷಾರಸವಾಗಿಸಿದರು.

ಶಹಾಬಾದಿನ ಕಲ್ಲು ನಾಡಿನ ಅದೆಷ್ಟೋ ಮನೆಗಳಿಗೆ ನೆಲವಾಗಿದೆ. ವಾಡಿಯ ಸಿಮೆಂಟು ಎಷ್ಟೋ ಸೂರುಗಳನ್ನು ಎತ್ತಿ ನಿಲ್ಲಿಸಿದೆ. ಪರರ ಮನೆಗೆ ಕಲ್ಲು ಸೀಳಿಕೊಟ್ಟ ಕೈಗಳು ಸ್ವಂತ ಮಗಳ ಹಂದರ ಕಟ್ಟಲು ನಾಚಬೇಕೇ? ಆ ತಂದೆಗೆ ನಾವು ಇಷ್ಟನ್ನೇ ಹೇಳಿದೆವು: ಮದುವೆ ಗೊತ್ತಾದ ದಿನವೇ ನಡೆಯಲಿ, ಮುಂಚಿನ ದಿನ ತಡಿಕೆ ಹೆಣೆಯಲು ನಾವೂ ಬರುತ್ತೇವೆ. ಆದರೆ ಒಬ್ಬ ಧರ್ಮಗುರುವಿನ ಮಾತಿನಿಂದ ಅವರ ಅಂಜಿಕೆ ಹೋಗಲಾರದು. ಪ್ರಿಯ ವಾಚಕರೇ, ಅವರು ಅಂಜುತ್ತಿರುವುದು ನಿಮ್ಮ ನಾಲಗೆಗೆ. ನೆರೆಯವರ ಮದುವೆಗೆ ಹೊರಟಾಗ 'ಎಷ್ಟು ಖರ್ಚಾಯಿತು?' ಎಂದು ಕೇಳುವುದನ್ನು ಬಿಡಿರಿ. ಒಂದು ದಿನ ಮುಂಚೆಯೇ ಹೋಗಿ, 'ಏನು ಕಟ್ಟಬೇಕು, ಹೇಳಿ' ಎಂದು ಕೇಳಿರಿ.